ಭೂಗೋಳ ಮಾರಲು ಹೊರಟ ವರ್ಷ

ಶಾಲೆಗಳಿಗೆ ಸಾಮಾನು ಮಾರುವವನು ನಗುವನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಗೇಟು ದಾಟಿ, ಸ್ಟಾಫ್ ರೂಮಿನ ಬೆಂಚಿನ ಮೇಲೆ ಕಾಲು ಗಂಟೆ ಕೂತರೆ ಸಾಕು, ಅದೇ ಬಂದು ಪಕ್ಕದಲ್ಲಿ ಕೂರುತ್ತದೆ. ನಾನು ಮೂವತ್ತು ವರ್ಷ ಕೂತಿದ್ದೇನೆ. ಆದರೆ ಒಂದೇ ವರ್ಷದಲ್ಲಿ ಅಷ್ಟೊಂದು ಸಲ ಬಂದು ಕೂತದ್ದು, ನಾನು ಕಂಪ್ಯೂಟರಿನಲ್ಲಿ ಭೂಗೋಳ ಮಾರಲು ಹೊರಟಾಗ.

ಚಿಕ್ಕಬಳ್ಳಾಪುರದಲ್ಲಿ ನನ್ನ ಅಂಗಡಿ. ಚಾಕ್‌ಪೀಸು, ಡಸ್ಟರು, ಗ್ಲೋಬು, ಗೋಡೆಗೆ ನೇತುಹಾಕುವ ಮ್ಯಾಪು. ಎಂಬತ್ತರ ದಶಕದಲ್ಲಿ ಸುತ್ತಲ ನಾಲ್ಕು ತಾಲ್ಲೂಕಿನ ಮೇಷ್ಟ್ರುಗಳೂ ನನ್ನಲ್ಲಿಗೇ ಬರುತ್ತಿದ್ದರು. ಒಂದು ಮ್ಯಾಪು ಕೊಳ್ಳಲು ಒಂದು ಗಂಟೆ ಮಾತು. ಆಮೇಲೆ ಬೆಂಗಳೂರಿಗೆ ಬಸ್ಸು ಹೆಚ್ಚಾದವು, ಮ್ಯಾಪನ್ನು ಅಲ್ಲೇ ಕೊಳ್ಳತೊಡಗಿದರು. ಭೂಗೋಳ ಮಾರಲು ಹೊರಟ ವರ್ಷಕ್ಕೆ ನನ್ನ ಹೆಂಡತಿ ತೀರಿಕೊಂಡು ಆರು ವರ್ಷ. ಮಕ್ಕಳಾಗಲಿಲ್ಲ. ಕೆಳಗೆ ಅಂಗಡಿ, ಮೇಲೆ ಮನೆ. ಕೆಳಗೆ ಗಿರಾಕಿ ಇಲ್ಲ, ಮೇಲೆ ಯಾರೂ ಇಲ್ಲ. ಒಂದೊಂದು ದಿನ ಸಂಜೆ ಬಾಗಿಲು ಹಾಕುವಾಗ, ಇವತ್ತು ನಾನು ಯಾರ ಜೊತೆಗಾದರೂ ಮಾತಾಡಿದೆನಾ ಎಂದು ನೆನಪು ಮಾಡಿಕೊಳ್ಳಬೇಕಾಗುತ್ತಿತ್ತು.

ತೊಂಬತ್ತರ ದಶಕದ ನಡುವೆ ಬೆಂಗಳೂರಿನ ಇಬ್ಬರು ಇಂಜಿನಿಯರುಗಳು ಭೂಗೋಳ ಕಲಿಸುವ ಒಂದು ಪ್ರೋಗ್ರಾಂ ಮಾಡಿದರು. ನಾಲ್ಕು ಫ್ಲಾಪಿ. ಪರದೆಯ ಮೇಲೆ ಮ್ಯಾಪು ಬರುತ್ತದೆ, ಕನ್ನಡದಲ್ಲೇ ಪ್ರಶ್ನೆ ಕೇಳುತ್ತದೆ, ಸರಿ ಉತ್ತರ ಕೊಟ್ಟರೆ ಮೂರು ಸಲ ಕುಂಯ್‌ಗುಡುತ್ತದೆ, ತಪ್ಪಿದರೆ ಉದ್ದಕ್ಕೆ ಒಂದು ಸಲ ಗೊರಗುಡುತ್ತದೆ. ನನ್ನನ್ನು ಏಜೆಂಟ್ ಮಾಡಿ, ತೋರಿಸಲು ಒಂದು ಕಂಪ್ಯೂಟರನ್ನೂ ಕೊಟ್ಟರು. ಷರತ್ತು ಒಂದೇ: ದಸರಾ ರಜೆ ಮುಗಿದ ಮೇಲೆ ಶುರುಮಾಡಿ, ವಾರ್ಷಿಕ ಪರೀಕ್ಷೆಯೊಳಗೆ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಈ ನಾಲ್ಕೂ ಊರಲ್ಲಿ ಒಂದೊಂದು ಶಾಲೆ ಒಪ್ಪಿಸಬೇಕು. ಒಂದು ತಪ್ಪಿದರೂ ಏಜೆನ್ಸಿ ವಾಪಸ್ಸು, ಕಂಪ್ಯೂಟರೂ ವಾಪಸ್ಸು. ವಾಪಸ್ಸು ಹೋದರೆ ನನಗೆ ಊರೂರು ತಿರುಗಲು ನೆಪ ಇರುವುದಿಲ್ಲ. ಮತ್ತೆ ಗಲ್ಲಾ ಹಿಂದೆ ಕೂತು ಗ್ಲೋಬು ತಿರುಗಿಸುವುದೇ. ಆದ್ದರಿಂದ ಹೊರಟೆ.

ಅರ್ಧ ಟಿಕೆಟ್ಟು

ಮೊದಲ ಪ್ರಯಾಣ ಶಿಡ್ಲಘಟ್ಟಕ್ಕೆ, ಪ್ರೈವೇಟ್ ಬಸ್ಸಿನಲ್ಲಿ. ಕಂಪ್ಯೂಟರಿನ ದೊಡ್ಡ ಡಬ್ಬವನ್ನು ಸೀಟಿನ ಕೆಳಗೆ ತಳ್ಳಿದೆ. ಪರದೆಯ ಡಬ್ಬಕ್ಕೆ ಪಕ್ಕದ ಸೀಟು ಕೊಟ್ಟು, ಮನೆಯ ಹಳೇ ಶಾಲು ಹೊದಿಸಿದೆ. ಬಸ್ಸಿನ ತುಂಬ ರೇಷ್ಮೆಗೂಡಿನ ಚೀಲಗಳು, ಅವುಗಳ ನಡುವೆ ಜನ. ಕಂಡಕ್ಟರು ಬಂದು ಶಾಲನ್ನು ನೋಡಿದ.

"ಏನ್ ಯಜಮಾನ್ರೇ ಇದು?"

"ಕಂಪ್ಯೂಟರಪ್ಪ. ಕಿಟಕಿ ಗಾಳಿ ಧೂಳು ತಗಲಬಾರದು."

"ಸೀಟ್ ಮೇಲೆ ಕೂತಿದೆ. ಟಿಕೆಟ್ ಆಗತ್ತೆ."

"ಅದೇನು ಮನುಷ್ಯನಾ?"

"ನಿಂತಿರೋರು ಮನುಷ್ಯರು, ಅವ್ರಿಗೇ ಸೀಟಿಲ್ಲ. ವಯಸ್ಸೆಷ್ಟು ಇದಕ್ಕೆ?"

ವ್ಯಾಪಾರದಲ್ಲಿ ಸುಳ್ಳು ಹೇಳಿದ್ದುಂಟು, ಆದರೆ ಇಲ್ಲಿ ನಿಜವೇ ಅನುಕೂಲವಾಗಿತ್ತು. "ತಯಾರಾಗಿ ಮೂರು ತಿಂಗಳು" ಅಂದೆ.

ಕಂಡಕ್ಟರು ಟಿಕೆಟ್ ಪುಸ್ತಕ ಮಡಚಿದ. "ಮೂರು ತಿಂಗಳ ಕೂಸಿಗೆ ಅರ್ಧ ಟಿಕೆಟ್ಟೂ ಇಲ್ಲ. ಆದ್ರೆ ತೊಡೆ ಮೇಲೆ ಕೂರಿಸ್ಕೊಬೇಕು. ಅತ್ರೆ ಇಳಿಸ್ಬಿಡ್ತೀನಿ."

ಮಕ್ಕಳಿಲ್ಲದ ನಾನು ಶಿಡ್ಲಘಟ್ಟದವರೆಗೂ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಎದುರು ಸೀಟಿನ ಅಜ್ಜಿಯೊಬ್ಬಳು ಶಾಲು ಸರಿಮಾಡಿ ಹೇಳಿದಳು: "ತಾಯಿ ಹೋಲಿಕೆ ಅನ್ಸತ್ತೆ. ನಿನ್ ಥರ ಇಲ್ಲ."

ಬೆಂಗಳೂರು ಮುಚ್ಚಿಹೋದದ್ದು

ಶಿಡ್ಲಘಟ್ಟದ ಶಾಲೆಯಲ್ಲಿ ಪ್ರೋಗ್ರಾಂ ಓಡಿಸಿದೆ. ಕರ್ನಾಟಕದ ಮ್ಯಾಪು ಬಂತು. ಹೆಡ್ಮಾಸ್ಟರು ಕನ್ನಡಕ ಏರಿಸಿ ಪರದೆಗೆ ಮೂಗು ತಗಲುವಷ್ಟು ಬಗ್ಗಿದರು.

"ನಮ್ಮೂರೆಲ್ಲಿ?"

ಇರಲಿಲ್ಲ. ಬೆಂಗಳೂರು ಇತ್ತು, ಕೋಲಾರ ಇತ್ತು, ನಡುವೆ ಖಾಲಿ. ಅದಕ್ಕಿಂತ ಕೆಟ್ಟದ್ದೆಂದರೆ ರೇಷ್ಮೆಯ ಚಿತ್ರವನ್ನು ಮೈಸೂರಿನ ಪಕ್ಕದಲ್ಲಿ ಹಾಕಿದ್ದರು. ಹಿಂದಿನ ರಾತ್ರಿಯೆಲ್ಲ ಮನೆಯಲ್ಲಿ ಹುಳಕ್ಕೆ ಸೊಪ್ಪು ಹಾಕಿ ನಿದ್ದೆಗೆಟ್ಟು ಬಂದಿದ್ದ ಮಕ್ಕಳು ಅದನ್ನು ನೋಡಿ ಬೆಪ್ಪಾದರು. ಹೆಡ್ಮಾಸ್ಟರು ಎದ್ದು ನಿಂತರು. "ಗೂಡಿನ ಮಾರ್ಕೆಟ್ಟು ಇಲ್ಲಿ, ಚಿತ್ರ ಅಲ್ಲಿ. ಇದನ್ನ ಮೈಸೂರಿಗೇ ಮಾರಿ, ಹೋಗಿ."

ಪ್ರೋಗ್ರಾಮಿನಲ್ಲಿ ಒಂದು ಅನುಕೂಲ ಇತ್ತು. 'ನಿಮ್ಮ ಊರನ್ನು ಸೇರಿಸಿ' ಎಂಬ ಕಡೆ ಹೋಗಿ ಹೆಸರು, ಜನಸಂಖ್ಯೆ, ಬೆಳೆ, ಕಸುಬು, ನೀರು, ಸಾರಿಗೆ ತುಂಬಿದರೆ ಮ್ಯಾಪಿನ ಮೇಲೆ ಹೊಸ ಚುಕ್ಕೆ ಮೂಡುತ್ತಿತ್ತು. ನಾನು ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಶಿಡ್ಲಘಟ್ಟ ಹುಟ್ಟಿಸಿ, ರೇಷ್ಮೆಗೂಡಿನ ಚಿತ್ರ ಇಟ್ಟೆ.

"ಚಿಕ್ಕದಾಯ್ತು" ಅಂದರು ಹೆಡ್ಮಾಸ್ಟರು.

ಒಂದು ಅಳತೆ ಹೆಚ್ಚಿಸಿದೆ.

"ಇನ್ನೂ."

ಇನ್ನೊಂದು. ಮತ್ತೊಂದು. ಕೊನೆಗೆ ಗೂಡು ಮೊಟ್ಟೆಯಷ್ಟಾಗಿ, ತಿರುಗಿ ನೋಡಿದರೆ ಬೆಂಗಳೂರೇ ಕಾಣಿಸಲಿಲ್ಲ. "ಸಾರ್, ರಾಜಧಾನಿ ಮುಚ್ಚಿಹೋಯ್ತು" ಅಂದೆ.

ಹೆಡ್ಮಾಸ್ಟರು ಪೆನ್ನು ತೆಗೆದು ಆರ್ಡರಿಗೆ ಸಹಿ ಹಾಕುತ್ತ ಅಂದರು: "ಮುಚ್ಲಿ ಬಿಡಿ. ಗೂಡಿನೊಳಗೆ ಏನೋ ಒಂದು ಹುಳ ಇರ್ಲೇಬೇಕಲ್ಲ."

ಕೆಂಚಾರ್ಲಹಳ್ಳಿಯ ಬಂದರು

ಚಿಂತಾಮಣಿಯ ಶಾಲೆಯಲ್ಲಿ ಸ್ವಂತ ಕಂಪ್ಯೂಟರೇ ಇತ್ತು. ಕಬ್ಬಿಣದ ಬೀರುವಿನಲ್ಲಿ ಇತ್ತು. ಮಕ್ಕಳು ಅದನ್ನು ವರ್ಷಕ್ಕೊಮ್ಮೆ ಆಯುಧಪೂಜೆ ದಿನ ನೋಡುತ್ತಿದ್ದರು. ಬೀರುವಿನ ಕೀಲಿ ಕಮಿಟಿ ಅಧ್ಯಕ್ಷರ ಸೊಂಟದಲ್ಲಿ, ಅಧ್ಯಕ್ಷರು ಕೆಂಚಾರ್ಲಹಳ್ಳಿಯಲ್ಲಿ, ಹೊಲದಲ್ಲಿ. ಹೇಳಿಕಳಿಸಿ, ಅವರು ಬಂದು, ಎಲ್ಲರ ಚಪ್ಪಲಿ ಹೊರಗೆ ಬಿಡಿಸಿ ಬೀರು ತೆಗೆಯುವ ಹೊತ್ತಿಗೆ ಮಧ್ಯಾಹ್ನ.

ಶಿಡ್ಲಘಟ್ಟದ ಸಂಗತಿ ನನಗಿಂತ ಮುಂಚೆ ಬಂದು ತಲುಪಿತ್ತು. ಅಧ್ಯಕ್ಷರು ಮೊದಲ ಮಾತನ್ನೇ ತೆಲುಗಿನಲ್ಲಿ ತೆಗೆದರು. "ಏಮಯ್ಯಾ, ಮಾ ಊರು ವೇಸ್ತಾವಾ?" ನಮ್ಮೂರು ಹಾಕ್ತೀಯಾ ಅಂತ.

"ಹಾಕ್ತೀನಿ ಸ್ವಾಮಿ. ಚಿಂತಾಮಣೀನೂ ಹಾಕ್ತೀನಿ."

"ಮೊದ್ಲು ಕೆಂಚಾರ್ಲಹಳ್ಳಿ ಹಾಕಯ್ಯ. ಚಿಂತಾಮಣಿ ಎಲ್ಲಿಗೋಗುತ್ತೆ, ಆಮೇಲೆ ನೋಡಣ."

ಹಾಕಿದೆ. "ಕೆರೆ?" ಅಂದರು. ನೀರಿನ ಪಟ್ಟಿಯಲ್ಲಿ ಕೆರೆ ಎಂಬುದೇ ಇರಲಿಲ್ಲ. ನದಿ ಇತ್ತು, ಸಮುದ್ರ ಇತ್ತು. ಬೆಂಗಳೂರಿನಲ್ಲಿ ಕೂತು ಪ್ರೋಗ್ರಾಂ ಬರೆದವರಿಗೆ ನಮ್ಮ ಕಡೆಯ ನೀರು ಯಾವ ಜಾತಿಯದೆಂದು ಹೇಗೆ ಗೊತ್ತಾಗಬೇಕು? ಅಧ್ಯಕ್ಷರು ಭುಜದ ಮೇಲೆ ಕೈಯಿಟ್ಟು ಅವಸರ ಮಾಡುತ್ತಿದ್ದರು. ನದಿ ಒತ್ತಲು ಹೋದ ಬೆರಳು ಸಮುದ್ರ ಒತ್ತಿತು. ನಾನು ಗಮನಿಸಲಿಲ್ಲ, ಮಿಕ್ಕ ಕಮಿಟಿಯವರ ಊರು ಸೇರಿಸುವ ಗಡಿಬಿಡಿ.

ತರಗತಿ ಶುರುವಾಯಿತು. ಪರದೆ ಕೇಳಿತು: 'ಕರ್ನಾಟಕದ ಬಂದರುಗಳನ್ನು ಹೆಸರಿಸಿ.' ಮಕ್ಕಳು ಮಂಗಳೂರು ಅಂದರು, ಕಾರವಾರ ಅಂದರು. ಯಂತ್ರ ಗೊರಗುಟ್ಟಿ ಪೂರ್ತಿ ಉತ್ತರ ತೋರಿಸಿತು: ಮಂಗಳೂರು, ಕಾರವಾರ, ಕೆಂಚಾರ್ಲಹಳ್ಳಿ.

ಇಡೀ ತರಗತಿ ಅಧ್ಯಕ್ಷರ ಕಡೆ ತಿರುಗಿತು. ಆರ್ಡರು ಹೋಯಿತೆಂದೇ ಅಂದುಕೊಂಡೆ. "ತಪ್ಪಾಯ್ತು ಸ್ವಾಮಿ, ಈಗಲೇ ಸಮುದ್ರ ತೆಗೀತೀನಿ" ಅಂದೆ.

ಅಧ್ಯಕ್ಷರು ಕೈ ಅಡ್ಡ ಹಿಡಿದರು. "ಏಯ್, ಮುಟ್ಟಬೇಡ. ಕೆರೆ ಕೋಡಿ ಬಿದ್ದು ಏಸೋ ವರ್ಷ ಆಯ್ತು. ಬಂದಿರೋ ನೀರನ್ನ ಯಾರಾದ್ರೂ ವಾಪಸ್ ಕಳಿಸ್ತಾರೇನಯ್ಯಾ?"

ಶಭಾಷ್ ಮಗು

ಇದು ಯಾವ ಶಾಲೆಯಲ್ಲೂ ನಡೆದದ್ದಲ್ಲ, ನಮ್ಮ ಮನೆಯಲ್ಲೇ. ಮಾರುವ ಸರಕನ್ನು ಮೊದಲು ತಾನು ರುಚಿ ನೋಡಬೇಕು ಎಂಬುದು ನನ್ನ ನಿಯಮ. ಭಾನುವಾರ ಬೆಳಿಗ್ಗೆ ಕೂತು ಆಫ್ರಿಕಾ ಖಂಡ ಪೂರ್ತಿ ಮುಗಿಸಿದೆ, ಒಂದೂ ತಪ್ಪಿಲ್ಲದೆ. ಪರದೆಯ ಮೇಲೆ ಹೂಮಾಲೆ ಬಂತು. ಕೆಳಗೆ ದೊಡ್ಡ ಅಕ್ಷರ: 'ಶಭಾಷ್ ಮಗು! ಬೇಗ ಹೋಗಿ ಮನೆಯವರಿಗೆ ಹೇಳು.'

ನನಗೆ ಆಗ ಐವತ್ತಾರು. ಸುತ್ತ ನೋಡಿದೆ. ಹೇಳಲು ಯಾರಿದ್ದಾರೆ? ಆದರೂ ಸುಮ್ಮನಿರಲಾಗಲಿಲ್ಲ. ಕೆಳಗಿಳಿದು ಪಕ್ಕದ ಕಾಫಿಪುಡಿ ಅಂಗಡಿಯವನ ಮುಂದೆ ನಿಂತೆ.

"ಮಾಲಿ ಅಂತ ಒಂದು ದೇಶ ಇದೆ ಕಣಯ್ಯ. ಅದರ ರಾಜಧಾನಿ ಬಮಾಕೊ."

ಅವನು ಪುಡಿ ತೂಗುತ್ತಿದ್ದವನು ತಲೆ ಎತ್ತಲಿಲ್ಲ. "ಲಾರಿ ಸರ್ವೀಸ್ ಇದೆಯಾ ಅಲ್ಲಿಗೆ?"

"ಇಲ್ಲ."

"ಹಾಗಾದ್ರೆ ನಿಮಗೆ ಮಾಮೂಲು ಐವತ್ತು ಗ್ರಾಂ ಪೊಟ್ಟಣಾನೇ ಕಟ್ಲಾ?"

ಗೌರಿಬಿದನೂರಿನ ಪಂದ್ಯ

ಗೌರಿಬಿದನೂರಿನ ಭೂಗೋಳದ ಮೇಷ್ಟ್ರು ನಿವೃತ್ತಿಯ ಅಂಚಿನಲ್ಲಿದ್ದರು. ತೊಂಡೇಬಾವಿಯಿಂದ ದಿನಾ ರೈಲಿನಲ್ಲಿ ಬರುವವರು. ಮೂವತ್ತು ವರ್ಷದಲ್ಲಿ ನನ್ನ ಹತ್ತಿರ ಒಂದೇ ಒಂದು ಮ್ಯಾಪು ಕೊಂಡವರಲ್ಲ, ಚಾಕ್‌ಪೀಸು ಮಾತ್ರ. ಕಾರಣ, ಅವರು ಬೋರ್ಡಿನ ಮೇಲೆ ಕೈ ಎತ್ತದೆ ಒಂದೇ ಗೆರೆಯಲ್ಲಿ ಇಂಡಿಯಾ ಬರೆಯುತ್ತಿದ್ದರು. ಕಾಶ್ಮೀರದಲ್ಲಿ ಚಾಕ್‌ಪೀಸು ಇಟ್ಟರೆ ಕನ್ಯಾಕುಮಾರಿ ಸುತ್ತಿ ಮತ್ತೆ ಕಾಶ್ಮೀರಕ್ಕೆ ಬಂದೇ ಎತ್ತುವುದು.

ಹೆಡ್ಮಾಸ್ಟರು ಹೇಳಿದರು: "ನಮ್ಮ ಮೇಷ್ಟ್ರು ಹೂಂ ಅಂದ್ರೆ ತಗೋತೀವಿ. ಅವ್ರು ಬೇಡ ಅಂದ್ರೆ ಬೇಡ."

ಮೇಷ್ಟ್ರು ಪಂಚೆ ಎತ್ತಿ ಕಟ್ಟಿದರು. "ನಿಮ್ಮ ಮಷೀನು ಇಂಡಿಯಾ ಬರೀಲಿ. ನಾನೂ ಬರೀತೀನಿ. ಮಕ್ಕಳು ನೋಡ್ಲಿ."

ಗುಂಡಿ ಒತ್ತಿದೆ. ಆ ಕಾಲದ ಕಂಪ್ಯೂಟರು, ಮೇಲಿನಿಂದ ಗೆರೆಗೆರೆಯಾಗಿ ಇಳಿಸುತ್ತಿತ್ತು. ಅದು ಪಂಜಾಬಿಗೆ ಬರುವಷ್ಟರಲ್ಲಿ ಮೇಷ್ಟ್ರು ಗುಜರಾತು ದಾಟಿದರು. ಅದು ದೆಹಲಿ ಮುಟ್ಟಿದಾಗ ಇವರು ಕನ್ಯಾಕುಮಾರಿಯಲ್ಲಿ ಮೂಗೊರೆಸಿಕೊಂಡರು. ಮಕ್ಕಳು ಬೆಂಚು ಹತ್ತಿ ಕಿರುಚುತ್ತಿದ್ದರು, "ಸಾ, ಬಂಗಾಳ! ಸಾ, ಬೇಗ!" ಮೇಷ್ಟ್ರು ಶ್ರೀಲಂಕಾ ಕೂಡ ಬರೆದು, ಕೈ ಝಾಡಿಸಿ, ಕುರ್ಚಿಯಲ್ಲಿ ಕೂತರು. ಕಂಪ್ಯೂಟರು ಮಧ್ಯಪ್ರದೇಶದಲ್ಲಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು.

ಮುಗಿಯಿತೆಂದು ವೈರು ಸುತ್ತತೊಡಗಿದೆ. ಮೇಷ್ಟ್ರು ಹತ್ತಿರ ಬಂದು ಮೆಲ್ಲಗೆ ಅಂದರು: "ಸಹಿ ಎಲ್ಲಿ ಹಾಕ್ಬೇಕು?"

"ಸಾರ್, ಸೋತಿದ್ದು ನಮ್ಮದು."

"ಅದಕ್ಕೇ ಬೇಕು. ಮೂವತ್ತು ವರ್ಷ ಒಬ್ಬನೇ ಬರೆದೆ. ಒಂದು ಮಗು ಬೆಂಚ್ ಹತ್ತಲಿಲ್ಲ. ಜೊತೆಗೆ ಓಡೋಕೆ ಯಾರಾದ್ರೂ ಇರ್ಬೇಕಪ್ಪ." ಸಹಿ ಹಾಕಿ ಪೆನ್ನು ಕೊಡುತ್ತ ಸೇರಿಸಿದರು: "ಒಂದೇ ಕೇಳ್ಕೊಳ್ಳೋದು. ನಾನು ರಿಟೈರ್ ಆಗೋವರ್ಗೂ ಇದಕ್ಕಿಂತ ಜೋರಾಗಿರೋ ಮಷೀನ್ ಮಾತ್ರ ತರಬೇಡಿ."

ಅತಿ ಕಡಿಮೆ ಜನಸಂಖ್ಯೆಯ ಸ್ಥಳ

ಮೂರು ಊರಾಯಿತು. ಉಳಿದದ್ದು ನನ್ನದೇ ಊರು. ಪರೀಕ್ಷೆಗೆ ಇನ್ನು ಹತ್ತು ದಿನ. ಚಿಕ್ಕಬಳ್ಳಾಪುರದಲ್ಲಿ ಮಿಕ್ಕ ಶಾಲೆಗಳೆಲ್ಲ ಬೇಡವೆಂದಿದ್ದವು. ಉಳಿದದ್ದು ಒಂದು ಹೆಣ್ಣುಮಕ್ಕಳ ಶಾಲೆ. ಅಲ್ಲಿನ ಹೆಡ್‌ಮಿಸ್ಸು ಸ್ವತಃ ಭೂಗೋಳ ಕಲಿಸುವವರು. ಅವರು ನಕ್ಕದ್ದನ್ನು ನೋಡಿದವರನ್ನು ನಾನು ನೋಡಿರಲಿಲ್ಲ.

ಶಾಲೆಯ ದೊಡ್ಡ ಹಾಲಿನಲ್ಲಿ ಎಂಟನೇ ತರಗತಿಯ ನಲವತ್ತು ಹುಡುಗಿಯರನ್ನೂ ಎಲ್ಲ ಟೀಚರುಗಳನ್ನೂ ಕೂರಿಸಿದ್ದರು. ಪರದೆ ಕೇಳಿತು: 'ಈ ಮ್ಯಾಪಿನಲ್ಲಿ ಅತಿ ಕಡಿಮೆ ಜನಸಂಖ್ಯೆಯ ಸ್ಥಳ ಯಾವುದು?'

ಹುಡುಗಿಯರು ಮಡಿಕೇರಿ ಅಂದರು. ಗೊರ್ರ್. ಕಾರವಾರ. ಗೊರ್ರ್. ಆಮೇಲೆ ಯಂತ್ರವೇ ಉತ್ತರ ಕೊಟ್ಟಿತು: 'ಅಂಗಡಿ ಮೇಲಿನ ಮನೆ.'

ಶಿಡ್ಲಘಟ್ಟದಿಂದ ಬಂದ ಮೇಲೆ ಅಕ್ಷರ ಒತ್ತುವುದನ್ನು ಕಲಿಯುವಾಗ, ಯಾವ ಊರು ಹಾಕುವುದೆಂದು ತೋಚದೆ, ನಮ್ಮ ಮನೆಯನ್ನೇ ಒಂದು ಊರೆಂದು ತುಂಬಿದ್ದೆ. ತೆಗೆಯಲು ಮರೆತಿದ್ದೆ. ಮೂರು ಊರಿನಲ್ಲಿ ಈ ಪ್ರಶ್ನೆ ಬಂದಿರಲಿಲ್ಲ. ಹೆಡ್‌ಮಿಸ್ಸು ಪಾಠ ಓದುವ ದನಿಯಲ್ಲಿ ಪರದೆಯನ್ನು ಪೂರ್ತಿ ಓದಿದರು:

"ಜನಸಂಖ್ಯೆ: ಒಂದು. ಮುಖ್ಯ ಬೆಳೆ: ಕರಿಬೇವು, ಒಂದು ಕುಂಡ. ಮುಖ್ಯ ಕಸುಬು: ವ್ಯಾಪಾರ. ನದಿ: ನಲ್ಲಿ, ದಿನ ಬಿಟ್ಟು ದಿನ ಹರಿಯುತ್ತದೆ. ಆಮದು: ಹೋಟೆಲಿನ ಸಾರು. ರಫ್ತು: ಇಲ್ಲ. ಸಾರಿಗೆ: ಮೆಟ್ಟಿಲು, ಹದಿನಾಲ್ಕು."

"ಎಲ್ಲಿದೆ ಈ ಸ್ಥಳ?" ಅಂದರು.

"ನಮ್ಮ ಮನೆ, ಮೇಡಂ."

ಹಿಂದಿನ ಸಾಲಿನಿಂದ ಮೊದಲ ನಗು ಬಂತು, ಆಮೇಲೆ ಹಾಲೇ ಹಾರಿಹೋಗುವಷ್ಟು. ಹೆಡ್‌ಮಿಸ್ಸು ಮಾತ್ರ ನಗಲಿಲ್ಲ. "ನೋಡಿ, ಮಕ್ಕಳು ಕಣ್ಣಾರೆ ಕಂಡು ಪರೀಕ್ಷೆ ಮಾಡದ ಭೂಗೋಳ ನನಗೆ ಬೇಡ. ಸಹಾರಾಕ್ಕೆ ಕರ್ಕೊಂಡು ಹೋಗೋಕಾಗಲ್ಲ. ಇದು ಮಾರ್ಕೆಟ್ ಹಿಂದೆ ಇದೆ. ಶನಿವಾರ ಹತ್ತು ಗಂಟೆಗೆ ಬರ್ತೀವಿ. ಇದರಲ್ಲಿರೋದೆಲ್ಲ ನಿಜವಾದ್ರೆ ತಗೋತೀನಿ. ಒಂದು ಸುಳ್ಳಿದ್ರೂ ನಿಮ್ಮ ಡಬ್ಬ ನೀವು ಎತ್ಕೊಂಡು ಹೋಗಿ."

ಶನಿವಾರ ಬೆಳಿಗ್ಗೆ ಎದ್ದು ಗುಡಿಸಿದೆ, ಒರೆಸಿದೆ, ಕರಿಬೇವಿನ ಧೂಳು ತೊಳೆದೆ. ಆರು ವರ್ಷದಲ್ಲಿ ಆ ಮನೆಗೆ ಯಾರೂ ಹತ್ತಿಬಂದಿರಲಿಲ್ಲ. ಮಕ್ಕಳಿಗೆ ಕುಡಿಯಲೆಂದು ಹಿಂದಿನ ದಿನವೇ ಎರಡು ಕೊಡ ನೀರು ತುಂಬಿಟ್ಟಿದ್ದೆ. ಕಾಫಿಪುಡಿಯವನು, "ಒಬ್ರೇ ಹೇಗೆ ಸುಧಾರಿಸ್ತೀರಿ, ನಾನೂ ಇರ್ತೀನಿ" ಎಂದು ಲೋಟ ಹಿಡಿದು ಮೇಲೆ ಬಂದ.

"ಇಳಿಯಯ್ಯಾ ಮೊದ್ಲು! ಜನಸಂಖ್ಯೆ ಎರಡಾಗತ್ತೆ!"

ಅವನು ಇಳಿದ ಹಾಗೇ ಅವರು ಬಂದರು. ಹುಡುಗಿಯರು ಪುಸ್ತಕ ಪೆನ್ಸಿಲು ಹಿಡಿದು ಕೋಣೆ ಕೋಣೆ ಹೊಕ್ಕರು. ಮಂಚದ ಕೆಳಗೂ ಬಗ್ಗಿ ನೋಡಿ ಬರೆದುಕೊಂಡರು: ಜನಸಂಖ್ಯೆ ಒಂದು, ಸರಿ. ಕರಿಬೇವು ಮುಟ್ಟಿ ಮೂಸಿದರು, ಸರಿ. ನಲ್ಲಿ ತಿರುಗಿಸಿದರು, ಹನಿ ಇಲ್ಲ. ನಿನ್ನೆ ಬಂದಿತ್ತಾದ್ದರಿಂದ ಅದೂ ಸರಿ. ನಾನು ಒಬ್ಬೊಬ್ಬಳಿಗೂ ವಿವರಿಸುತ್ತಲೇ ಇದ್ದೆ, ಕೇಳಿದ್ದಕ್ಕೂ ಕೇಳದ್ದಕ್ಕೂ.

ಎರಡು ಜಡೆಯ ಒಬ್ಬಳು ಮೆಟ್ಟಿಲಿನಿಂದ ಕೂಗಿದಳು: "ಮಿಸ್, ಹದಿಮೂರೇ ಇದೆ!"

ಹೆಡ್‌ಮಿಸ್ಸು ನನ್ನ ಮುಖ ನೋಡಿದರು. ಕೆಳಗಿಳಿದು, ಸೆರಗು ಸಿಕ್ಕಿಸಿ, ಸ್ವತಃ ಎಣಿಸಿದರು. ಹದಿಮೂರು. ಇಪ್ಪತ್ತು ವರ್ಷ ಹತ್ತಿಳಿದ ಮೆಟ್ಟಿಲು. ಮದುವೆಯಾಗಿ ಬಂದಾಗ ನಾವಿಬ್ಬರೂ ಎಣಿಸಿದ್ದು, ಆಮೇಲೆ ಎಣಿಸಿರಲೇ ಇಲ್ಲ. ಏಜೆನ್ಸಿ ಒಂದು ಮೆಟ್ಟಿಲಿನಲ್ಲಿ ಹೋಯಿತು ಎಂದುಕೊಂಡು ನಿಂತೆ.

ಕಾಫಿಪುಡಿಯವನು ಅಂಗಡಿಯಿಂದಲೇ ತಲೆ ಹಾಕಿದ. "ಅಮ್ಮಾ, ರಸ್ತೆ ಎತ್ತರ ಮಾಡ್ದಾಗ ಕೆಳಗಿಂದು ಒಂದು ಮುಚ್ಚೋಯ್ತು. ನಂದೂ ಒಂದು ಹೋಗಿದೆ, ನೋಡಿ." ಹುಡುಗಿಯರು ಕಡ್ಡಿ ತಂದು ಕೆರೆದರು. ಮಣ್ಣಿನಡಿ ಕಲ್ಲಿನ ಅಂಚು ಸಿಕ್ಕಿತು.

"ಇದನ್ನ ಏನಂತಾರೆ?" ಅಂದರು ಹೆಡ್‌ಮಿಸ್ಸು.

"ಹೂಳು ಮಿಸ್!" ನಲವತ್ತು ದನಿ.

"ಹದಿನಾಲ್ಕು, ಸರಿ. ಒಂದು ಹೂಳಿನಲ್ಲಿ ಅಂತ ಬರ್ಕೊಳ್ಳಿ" ಎಂದು ಹೇಳಿ, ಮೇಲೆ ಬಂದು, ನನ್ನ ಊಟದ ಮೇಜಿನ ಮೇಲೆಯೇ ಆರ್ಡರಿಟ್ಟು ಸಹಿ ಹಾಕಿದರು. ನಾಲ್ಕನೇ ಊರು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರು ಎರಡು ಜಡೆಯವಳನ್ನು ಕರೆದು ವರದಿ ಓದಲು ಹೇಳಿದರು. ಅವಳು ಬರಿದಾದ ಎರಡು ಕೊಡಗಳ ಪಕ್ಕದಲ್ಲಿ ನೆಟ್ಟಗೆ ನಿಂತು, ಪಠ್ಯಪುಸ್ತಕದ ರಾಗದಲ್ಲೇ ಓದಿದಳು:

"ಸ್ಥಳ: ಅಂಗಡಿ ಮೇಲಿನ ಮನೆ. ಇಲ್ಲಿನ ಜನರು ಸಾಧು ಸ್ವಭಾವದವರು. ಹೊರಗಿನಿಂದ ಯಾರಾದರೂ ಬಂದರೆ ಬಹಳ ಮಾತಾಡುತ್ತಾರೆ. ಬೆಳಿಗ್ಗೆ ಹತ್ತು ಗಂಟೆಯವರೆಗೆ ಇಲ್ಲಿ ಕುಡಿಯುವ ನೀರು ಸಮೃದ್ಧವಾಗಿತ್ತು. ಹತ್ತೂಕಾಲಿಗೆ ಪೂರ್ತಿ ಬತ್ತಿಹೋಯಿತು. ಕಾರಣ: ಜನಸಂಖ್ಯಾ ಸ್ಫೋಟ."